ಏರಿನ ಬುಡದ ಹೊರೆಕಲ್ಲು

ಸುಳ್ಳು ಹೇಳುವುದಕ್ಕೂ ಒಂದಿಷ್ಟು ಧೈರ್ಯ ಬೇಕು. ಅದು ನನ್ನಲ್ಲಿಲ್ಲ ಎಂಬುದಕ್ಕೆ ನನ್ನ ಹೆಂಡತಿಯೇ ಸಾಕ್ಷಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬಂದು ನೋಡುವವನು ನಾನು. ಹಾಗಾಗಿ ಇದನ್ನು ಕಟ್ಟಿ ಹೇಳುತ್ತಿದ್ದೇನೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಕಟ್ಟಿದ ಕತೆಯಾಗಿದ್ದರೆ ಅದರಲ್ಲಿ ನಾನು ಇನ್ನೊಂದಿಷ್ಟು ಗಟ್ಟಿಗನಾಗಿರುತ್ತಿದ್ದೆ.

ಧರ್ಮಪುರಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ನಡೆಯಿರಿ ಎಂದರು. ನಡೆದರೆ ನಾಯಿ ಕಚ್ಚುತ್ತದೆ ಎಂಬ ಭಯಕ್ಕೆ ಸೈಕಲ್ ಕೊಂಡೆ. ಸೈಕಲ್ ಮೇಲಿದ್ದರೆ ನಾಯಿಗಳಿಗೆ ಇನ್ನೂ ಖುಷಿ ಎಂದು ಆಮೇಲೆ ಗೊತ್ತಾಯಿತು.

ಹಾಗೆ ಪರಿಚಯವಾದವನು ಮಾದೇಶ. ಟೈಲ್ಸ್ ಅಂಗಡಿಯವನು, ನನಗಿಂತ ಚಿಕ್ಕವನು, ಏರು ಕಂಡರೆ ಹುಚ್ಚು ಹಿಡಿದವನಂತೆ ಹತ್ತುತ್ತಿದ್ದ. ಅವನ ಕಾರ್ಬನ್ ಸೈಕಲ್ಲನ್ನು ಅಂಗಡಿಗೆ ಬಂದವರ ಮುಂದೆ ಒಂದೇ ಬೆರಳಿನಲ್ಲಿ ಎತ್ತಿ ತೋರಿಸುತ್ತಿದ್ದ. ಭಾರ ಎಂದರೆ ಅವನಿಗೆ ಆಗದು. ನೀರಿನ ಬಾಟಲಿಯನ್ನೂ ಅರ್ಧವೇ ತುಂಬಿಸುವವನು.

ನಾನು ಅದಕ್ಕೆ ತದ್ವಿರುದ್ಧ. ಪಂಪು, ಟ್ಯೂಬು, ಟಾರ್ಚು, ಗ್ಲೂಕೋಸು, ಹೊಟ್ಟೆನೋವಿನ ಮಾತ್ರೆ, ಒಂದು ಜೊತೆ ಕಾಲುಚೀಲ... ಬೆನ್ನ ಮೇಲಿನ ಚೀಲದಲ್ಲಿ ಇಲ್ಲದ್ದು ಅಡುಗೆಮನೆಯಷ್ಟೇ. ಮಾದೇಶ ಅದನ್ನು ನೋಡಿ ನಗುತ್ತಿದ್ದ. "ಏನಣಾ, ಸಂತೆಗೆ ಓಯ್ತಿದ್ದೀಯಾ?" ಹಾಗೆ ನಗುತ್ತಲೇ ತನ್ನ ಜರ್ಕಿನ್, ಬೀಗದ ಕೈ, ಫೋನು, ಟ್ಯೂಬು ಎಲ್ಲವನ್ನೂ ನನ್ನ ಚೀಲಕ್ಕೇ ತುರುಕುತ್ತಿದ್ದ. ಅವನು ಹಗುರಾಗಿ ಹಾರುತ್ತ ಹೋದರೆ, ಅವನ ಸಾಮಾನು ಹೊತ್ತು ಹಿಂದೆ ಏದುಸಿರು ಬಿಡುವ ಕೆಲಸ ನನ್ನದು.

ಮಾರ್ಗಳಿ, ಅಂದರೆ ಧನುರ್ಮಾಸದ ಚಳಿ. ಬೆಳಗಿನ ಜಾವವೇ ಹೊರಟು ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ಹತ್ತಿರ ಸೂರ್ಯ ಹುಟ್ಟುವುದನ್ನು ನೋಡಿ, ಮೀನು ತಿಂದು ಬರುವುದು ಎಂದು ಮಾತಾಗಿತ್ತು. ಮಾದೇಶ ತೊಪ್ಪೂರು ಘಾಟಿನ ಮೇಲೆ ಹೈವೇಯಲ್ಲಿ ಹೋಗೋಣ ಎಂದ. ಆ ಇಳಿಜಾರಿನ ಲಾರಿಗಳನ್ನು ನೆನೆದರೆ ನನಗೆ ಹಗಲಿನಲ್ಲೇ ಬೆವರುತ್ತದೆ. ಫೋನಿನಲ್ಲಿ ಮ್ಯಾಪ್ ತೆಗೆದು ಬೇರೆ ದಾರಿ ಹುಡುಕಿದೆ. ಪೆನ್ನಾಗರಂ ದಾಟಿ ಏರಿಯೂರಿನ ಕಡೆ ತಿರುಗಿ, ಗುಡ್ಡಗಳ ನಡುವೆ ಕಾವೇರಿ ಕಣಿವೆಗೆ ಇಳಿಯುವ ಒಂದು ಹಳ್ಳಿರಸ್ತೆ. ಲಾರಿಯಿಲ್ಲ, ಬಸ್ಸಿಲ್ಲ.

ಮಾದೇಶ ಮ್ಯಾಪನ್ನು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿ, ಫೋನು ವಾಪಸ್ಸು ಕೊಟ್ಟ. ಆಮೇಲೆ, ಆ ರೋಡು ಸರಿಯಿಲ್ಲ ಅಣಾ, ಬೇಡ ಎಂದ. ಯಾವಾಗ ನೋಡಿದ್ದೆ ಎಂದು ಕೇಳಿದೆ. ಅವನು ಬಗ್ಗಿ ಟೈರು ಒತ್ತಿ ನೋಡತೊಡಗಿದ. ಲಾರಿ ರಸ್ತೆಯಾದರೆ ನಾನು ಬರುವುದಿಲ್ಲ ಎಂದೆ. ನಾನು ಬರದಿದ್ದರೆ ಸಾಮಾನು ಹೊರುವವರಿಲ್ಲವಲ್ಲ... ಕೊನೆಗೆ ಒಪ್ಪಿದ.

"ಸರಿ. ಆದ್ರೆ ಆ ಕಡೆ ಎಲ್ಲೂ ನಿಲ್ಬಾರ್ದು" ಎಂದ.

ಪೆನ್ನಾಗರಂ ದಾಟುವವರೆಗೆ ಏನೂ ಇಲ್ಲ. ಎರಡು ಸೈಕಲ್ಲಿನ ದೀಪ, ಮಂಜು, ಹೊಲದಿಂದ ಬರುವ ಹಸಿ ಹುರುಳಿಯ ವಾಸನೆ. ಪೆಡಲ್ ತುಳಿಯುವುದನ್ನು ಬಿಟ್ಟಾಗಲೆಲ್ಲ ಮಾದೇಶನ ಹಿಂದಿನ ಗಾಲಿ ಟಿಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ದುಬಾರಿ ಗಾಲಿಗಳ ಸದ್ದು ಜೋರು. ತುಳಿಯುವಾಗ ಅದು ಬರುವುದಿಲ್ಲ, ಸುಮ್ಮನೆ ಉರುಳುವಾಗ ಮಾತ್ರ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಅಡ್ಡರಸ್ತೆ ಹಿಡಿದ ಮೇಲೆ ಒಂದು ಇಳಿಜಾರು. ಅದರ ಬುಡದಲ್ಲಿ ಹುಣಸೆಮರಗಳ ಕತ್ತಲು, ಅದರಾಚೆಗೆ ನೆಟ್ಟಗೆ ನಿಂತಂತಹ ಏರು. ಸರಿಯಾಗಿ ಆ ಬುಡದಲ್ಲಿ ಮಾದೇಶನ ಹಿಂದಿನ ಟೈರು ಉಸ್ಸೆಂದಿತು.

ಟಾರ್ಚು ಹಾಕಿದೆ. ರಸ್ತೆಯ ಪಕ್ಕದಲ್ಲಿ ಎರಡು ಕಲ್ಲು ನೆಟ್ಟು, ಅವುಗಳ ಮೇಲೆ ಎದೆಮಟ್ಟಕ್ಕೆ ಒಂದು ಚಪ್ಪಡಿ ಅಡ್ಡಲಾಗಿ ಇಟ್ಟಿತ್ತು. ಚಪ್ಪಡಿಯ ಅಂಚಿಗೆ ಅರಿಸಿನ ಮೆತ್ತಿತ್ತು. ಮುಟ್ಟಿದರೆ ಬೆರಳಿಗೆ ಹತ್ತಿತು... ಇನ್ನೂ ಹಸಿ.

ನಮ್ಮ ಕಡೆ ಇದನ್ನು ಹೊರೆಕಲ್ಲು ಎನ್ನುತ್ತಾರೆ, ತಮಿಳಿನವರು ಸುಮೈತಾಂಗಿ ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ಸತ್ತ ಹೆಣ್ಣಿನ ಹೆಸರಿನಲ್ಲಿ ನೆಡುವ ಕಲ್ಲು. ಹೊಟ್ಟೆಯ ಭಾರ ಇಳಿಸದೆ ಹೋದವಳು. ದಾರಿಹೋಕರು ತಲೆಯ ಹೊರೆಯನ್ನು ಅದರ ಮೇಲೆ ಇಳಿಸಿ ದಣಿವಾರಿಸಿಕೊಂಡಷ್ಟೂ ಅವಳ ಭಾರ ಇಷ್ಟಿಷ್ಟೇ ಇಳಿಯುತ್ತದೆ ಎಂದು ನಂಬಿಕೆ. ಈಗ ತಲೆಯ ಮೇಲೆ ಹೊರುವವರು ಯಾರಿದ್ದಾರೆ? ಹೊಲದ ಬೇಲಿಗಳಲ್ಲಿ, ರಸ್ತೆ ಅಗಲ ಮಾಡುವ ಮಣ್ಣಿನಡಿಯಲ್ಲಿ ಇಂಥ ಕಲ್ಲುಗಳು ಸುಮ್ಮನೆ ಬಿದ್ದಿರುತ್ತವೆ.

ನನ್ನ ಬೆನ್ನಿನ ಚೀಲ ಬಿಚ್ಚಿ ಚಪ್ಪಡಿಯ ಮೇಲಿಟ್ಟೆ. ಪಂಕ್ಚರಿಗೆ ಟ್ಯೂಬು ತೆಗೆಯಬೇಕಿತ್ತು, ಜೊತೆಗೆ ಯಾರಿಗೋ ಒಂದಿಷ್ಟು ಭಾರ ಇಳಿದರೆ ಇಳಿಯಲಿ ಎಂಬ ಪುಣ್ಯದ ಆಸೆ. ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನು ಮಾದೇಶನದೇ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಮಾದೇಶ ರಸ್ತೆಯ ಆಚೆಬದಿಯಲ್ಲೇ ನಿಂತಿದ್ದ. ಸೈಕಲ್ಲನ್ನು ಕಲ್ಲಿಗೆ ಒರಗಿಸಲಾ, ಕೈಗೆ ಎಟುಕುತ್ತದೆ ಎಂದೆ. ಬೇಡ, ನೆಲದಲ್ಲೇ ಮಾಡು ಎಂದ. ಚೀಲವನ್ನು ತೆಗಿ ಎಂದೂ ಹೇಳಿದ. ದನಿ ಅವನದಾಗಿರಲಿಲ್ಲ.

ಟ್ಯೂಬು ಹಾಕಿ ಗಾಳಿ ತುಂಬಿಸಿ ಚೀಲ ಎತ್ತಿದೆ. ಹತ್ತಿ ತುಂಬಿದಂತೆ ಹಗುರ. ಏನೋ ಬಿದ್ದುಹೋಯಿತೆಂದು ಗಾಬರಿಯಾಗಿ ತೆರೆದು ನೋಡಿದೆ. ಪಂಪು, ಜರ್ಕಿನ್, ಬೀಗದ ಕೈ... ಎಲ್ಲವೂ ಇತ್ತು.

ಅಷ್ಟರಲ್ಲಿ ಮಾದೇಶ ತನ್ನ ಸೈಕಲ್ ಎತ್ತಲು ಬಗ್ಗಿದ. ಒಂದು ಬೆರಳಿನ ಸೈಕಲ್... ಎರಡು ಕೈ ಹಾಕಿದರೂ ಏಳಲಿಲ್ಲ.

"ಬ್ರೇಕು ಇಡ್ಕಂಡೈತೆ ಅನ್ಸುತ್ತೆ ಅಣಾ."

ಗಾಲಿ ತಿರುಗಿಸಿ ನೋಡಿದೆ. ಸಲೀಸಾಗಿ ತಿರುಗಿತು. ಅವನು ಹೇಗೋ ಒದ್ದಾಡಿ ಹತ್ತಿದ. ಏರು ಶುರುವಾಯಿತು.

ನಾಚಿಕೆಯಾದರೂ ಹೇಳುತ್ತೇನೆ, ಮೊದಲು ನನಗೆ ಸಂತೋಷವೇ ಆಯಿತು. ಜೀವಮಾನದಲ್ಲಿ ಮೊದಲ ಸಲ ಒಂದು ಏರಿನಲ್ಲಿ ನಾನು ಮಾದೇಶನಿಗಿಂತ ಮುಂದಿದ್ದೆ. ಡಾಕ್ಟರು ಕೊಟ್ಟ ಹೊಸ ಮಾತ್ರೆ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಆಮೇಲೆ ಹಿಂದಿನಿಂದ ಆ ಸದ್ದು ಕೇಳಿಸಿತು. ಟಿಕ್... ಟಿಕ್... ಟಿಕ್...

ಏರಿನಲ್ಲಿ ತುಳಿಯುವುದನ್ನು ಬಿಟ್ಟರೆ ಬಿದ್ದುಹೋಗುತ್ತೇವೆ. ತುಳಿಯುವಾಗ ಆ ಸದ್ದು ಬರುವುದಿಲ್ಲ. ಕಿವಿಗೊಟ್ಟೆ. ಗಾಲಿಯ ಸದ್ದಲ್ಲ ಅದು. ಅದಕ್ಕಿಂತ ತೆಳುವಾದದ್ದು... ಗಾಜಿನದು. ಬಸುರಿಗೆ ಬಳೆ ತೊಡಿಸುವ ದಿನ ಮೊಣಕೈವರೆಗೆ ತೊಡಿಸುತ್ತಾರಲ್ಲ, ಅಷ್ಟು ಬಳೆಗಳು ರಸ್ತೆಯ ಒಂದೊಂದು ಕುಲುಕಿಗೂ ಒಂದಕ್ಕೊಂದು ತಾಗಿದರೆ ಬರುವ ಸದ್ದು.

ಗಾಳಿಯಲ್ಲಿ ಕೊಬ್ಬರಿ ಎಣ್ಣೆ, ಬಾಡಿದ ಮಲ್ಲಿಗೆ, ಅದರಡಿಯಲ್ಲಿ ಕುರಿಯ ಉಣ್ಣೆಯ ವಾಸನೆ. ನಾನು ತಿರುಗಿ ನೋಡಲಿಲ್ಲ. ತಿರುಗದಿರುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

"ಅಣಾ," ಮಾದೇಶ ಹಿಂದಿನಿಂದ ಪಿಸುಗುಟ್ಟಿದ. "ನನ್ ಹಿಂದೆ ಯಾರಾನ ಕುಂತವ್ರಾ, ಒಸಿ ನೋಡಣಾ."

ಆಗ ನೋಡಲೇಬೇಕಾಯಿತು. ಟಾರ್ಚಿನ ಬೆಳಕಿನಲ್ಲಿ ಅವನೊಬ್ಬನೇ. ಆದರೆ ಅವನ ಹಿಂದಿನ ಟೈರು, ನಾನೇ ಕಲ್ಲಿನಂತೆ ಗಾಳಿ ತುಂಬಿಸಿದ್ದ ಟೈರು, ರಸ್ತೆಗೆ ಚಪ್ಪಟೆಯಾಗಿ ಒತ್ತಿಕೊಂಡಿತ್ತು. ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಒತ್ತುತ್ತದಲ್ಲ, ಹಾಗೆ. ಆ ಸೈಕಲ್ಲಿಗೆ ಕ್ಯಾರಿಯರೇ ಇಲ್ಲ.

ನಾನು ಯಾರೂ ಇಲ್ಲ ಎಂದೆ. ಅವನು ನಂಬಲಿಲ್ಲ. ಇನ್ನೆರಡು ಸಲ ತುಳಿದು, ನಿಧಾನವಾಗಿ, ಮರ ವಾಲಿದಂತೆ ವಾಲಿ ಬಿದ್ದ. ಸೈಕಲ್ ಅವನ ಮೇಲೆ.

ಓಡಿಹೋಗಿ ಸೈಕಲ್ಲನ್ನು ಎತ್ತಿದೆ. ಒಂದೇ ಕೈಯಲ್ಲಿ ಎದ್ದುಬಂತು.

"ಎತ್ತಣಾ," ಎಂದ ಮಾದೇಶ, ಉಸಿರು ಸಿಕ್ಕದೆ. "ಅಣಾ, ಎತ್ತಣಾ..."

"ಎತ್ತಿದ್ನಲ್ಲಾ."

"ಇಲ್ಲ... ಇನ್ನೂ ಐತೆ... ಎತ್ತು..."

ಅವನ ಮೇಲೆ ಏನೂ ಇರಲಿಲ್ಲ. ಅವನ ಎರಡು ಕೈಗಳು ಮಾತ್ರ ಹೊಟ್ಟೆಯಿಂದ ಒಂದು ಗೇಣು ಮೇಲೆ, ಏನನ್ನೋ ತಳ್ಳುತ್ತಿದ್ದವು.

ಏರಿನ ತುದಿಯಲ್ಲಿ ಒಂದು ಬೆಂಕಿ ಕಾಣಿಸಿತು. ಕುರಿದೊಡ್ಡಿ. ಅವನನ್ನೂ ಎರಡು ಸೈಕಲ್ಲುಗಳನ್ನೂ ಅಲ್ಲಿಗೆ ಹೇಗೆ ಸೇರಿಸಿದೆನೋ ನನಗೇ ಗೊತ್ತಿಲ್ಲ. ಎದ್ದು ನಿಂತವನು ಹಿಂದಕ್ಕೆ ವಾಲಿ, ಸೊಂಟಕ್ಕೆ ಒಂದು ಕೈ ಕೊಟ್ಟು, ಕಾಲು ಅಗಲಿಸಿ ಹೆಜ್ಜೆ ಇಡುತ್ತಿದ್ದ. ಆ ನಡಿಗೆಯನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ನನ್ನ ಹೆಂಡತಿ ದೊಡ್ಡವನನ್ನು ಹೆರುವ ತಿಂಗಳಲ್ಲಿ ಹಾಗೆಯೇ ನಡೆಯುತ್ತಿದ್ದಳು.

ಬೆಂಕಿಯ ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಕೂತಿದ್ದಳು. ನಾಯಿಗಳು ನಮ್ಮನ್ನು ಕಂಡು ಎದ್ದವು. ಬೊಗಳಲಿಲ್ಲ. ಮಾದೇಶನ ಬೆನ್ನ ಹಿಂದಕ್ಕೆ ಹೋಗಿ ನೆಲ ಮೂಸಿ, ಬಾಲ ಅಲ್ಲಾಡಿಸಿದವು.

ಮುದುಕಿ ಉರಿಯುವ ಕೊಳ್ಳಿಯೊಂದನ್ನು ಎತ್ತಿ ಅವನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು.

"ಬನ್ನಿ ಅಳಿಮಯ್ಯಾ," ಎಂದಳು. "ನಡ್ಕಂಡ್ ಬಂದ್ರಾ? ಗಾಡಿ ಎಳೀಲಿಲ್ವಾ?"

ಮಾದೇಶ ನೆಲಕ್ಕೆ ಕುಸಿದ.

ಅವಳ ಹೆಸರು ಬೀರಮ್ಮ. ಅವನಿಗೆ ಹೀಗೊಂದು ಹಳೆಯ ಮದುವೆ ಇತ್ತೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿರುವವಳು ಎರಡನೆಯವಳು ಎಂದೂ. ಬೀರಮ್ಮ ಅದನ್ನೆಲ್ಲ ನನಗೆ ಹೇಳಿದಳು, ಬೆಂಕಿ ಕೆದಕುತ್ತ, ಕುರಿ ಕಾಣೆಯಾದ ಸುದ್ದಿ ಹೇಳುವಷ್ಟೇ ಸಮಾಧಾನವಾಗಿ.

ಮಗಳ ಹೆಸರು ಜಯಾ. ತುಂಬಿದ ಬಸುರಿ, ಬಳೆ ತೊಡಿಸಿ ಆಗಿತ್ತು. ಹೆರಿಗೆಗೆ ತವರಿಗೆ ಬಿಡಲು ಮಾದೇಶ ಹೊಸ ಬೈಕಿನಲ್ಲಿ ಕರೆತಂದ. ಏರಿನ ಬುಡಕ್ಕೆ ಬಂದಾಗ, ಬಟ್ಟೆಯ ಗಂಟು ಬೇರೆ ಇದೆ, ಇಷ್ಟು ಭಾರಕ್ಕೆ ಗಾಡಿ ಎಳೆಯುವುದಿಲ್ಲ, ಇಂಜಿನ್ ಹಾಳಾಗುತ್ತದೆ, ಇಳಿದು ನಡೆದುಕೊಂಡು ಹೋಗು ಎಂದನಂತೆ, ಆಮೇಲೆ ಅವನೇ ಒಪ್ಪಿಕೊಂಡ ಮಾತು. ಗಂಟನ್ನು ಅವಳ ತಲೆಗೆ ಎತ್ತಿಕೊಟ್ಟು ಬೈಕು ತಿರುಗಿಸಿದ. ಮುಸ್ಸಂಜೆ. ಆ ಏರಿನ ನಡುವೆ ಅವಳಿಗೆ ನೋವು ಬಂತು. ಕೂಗಿದ್ದು ದೊಡ್ಡಿಯವರೆಗೆ ಕೇಳಿಸಲಿಲ್ಲ. ನಾಯಿಗಳು ಓಡಿಹೋಗಿ ಹುಡುಕುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ಬೈಕಿನಿಂದ ಇಳಿಸಿದ್ದಕ್ಕೆ ಯಾವ ಸ್ಟೇಷನ್ನಿನಲ್ಲೂ ಕೇಸಿಲ್ಲ.

ಇಳಿಸಿದ ಜಾಗದಲ್ಲೇ ಬೀರಮ್ಮ ಕಲ್ಲು ನೆಡಿಸಿದಳು. ಹೊಸ ಕಲ್ಲಿನ ಮೇಲೆ ಮೊದಲ ಹೊರೆ ಗಂಡನೇ ತಲೆಯ ಮೇಲೆ ಹೊತ್ತು ತರಬೇಕು, ಹುಡುಗಿಯ ತವರಿನವರು ಕೈಕೊಟ್ಟು ಅದನ್ನು ಇಳಿಸಬೇಕು. ಅಲ್ಲಿಗೆ ಅವಳ ಭಾರ ಇಳಿದಂತೆ. ಹೇಳಿಕಳಿಸಿದರೂ ಮಾದೇಶ ಬರಲಿಲ್ಲ. ಊರು ಬಿಟ್ಟ, ಅಂಗಡಿ ತೆರೆದ, ಮತ್ತೊಂದು ಮದುವೆಯಾದ.

ಎಷ್ಟೋ ವರ್ಷದಿಂದ ಅವನು ಬಿಟ್ಟಿದ್ದ ರಸ್ತೆಗೆ ಅವನನ್ನು ಕರೆತಂದವನು ನಾನು. ಲಾರಿಗೆ ಹೆದರಿ.

"ಇಳಿಸು ಅತ್ತೆ," ಎಂದ ಮಾದೇಶ, ಮುಖ ನೆಲಕ್ಕೆ ಇಟ್ಟು. "ಆಗ್ತಿಲ್ಲ ನನ್ ಕೈಲಿ. ನಿನ್ ಕಾಲ್ಗೆ ಬೀಳ್ತೀನಿ."

"ಏನ ಇಳಿಸ್ಲಪ್ಪಾ? ನಿನ್ ಮ್ಯಾಲೆ ಏನೂ ಕಾಣಾಕಿಲ್ವಲ್ಲ."

ಎದ್ದು ಗುಡಿಸಲೊಳಗೆ ಹೋಗಿ, ಸೂರಿಗೆ ತೂಗುಹಾಕಿದ್ದ ಒಂದು ಗಂಟು ತಂದಳು. ಹಳೆಯ ಸೀರೆಯಲ್ಲಿ ಕಟ್ಟಿದ್ದು, ಹೊಗೆ ಹಿಡಿದು ಕಪ್ಪಾಗಿತ್ತು. ಜಯಾಳ ತಲೆಯಿಂದ ಬಿದ್ದ ಗಂಟು. ಬಟ್ಟೆಯನ್ನು ಸುತ್ತಿ ಸಿಂಬೆ ಮಾಡಿ ಮಾದೇಶನ ತಲೆಯ ಮೇಲಿಟ್ಟು, ಅದರ ಮೇಲೆ ಗಂಟನ್ನು ಇಟ್ಟಳು. "ಒತ್ಕಂಡು ನಡಿ" ಎಂದಳು.

ಏರಿನಲ್ಲಿ ಕೆಳಗೆ ಇಳಿದೆವು. ಮಾದೇಶ ಮುಂದೆ, ಬೀರಮ್ಮ ಕೋಲು ಊರುತ್ತ ಅವನ ಹಿಂದೆ, ಎರಡು ಸೈಕಲ್ ತಳ್ಳುತ್ತ ನಾನು ಕೊನೆಯಲ್ಲಿ. ಮೂರು ಜನರ ಹೆಜ್ಜೆಯ ಸದ್ದು. ಬಳೆಯ ಸದ್ದೂ ಜೊತೆಗೇ ಬಂತು. ಅವಳಿಗೆ ಕೇಳಿಸುತ್ತಿದೆಯೇ ಎಂದು ಬೀರಮ್ಮನ ಮುಖ ನೋಡಿದೆ. ಆ ಕತ್ತಲಲ್ಲಿ ಅವಳು ನಗುತ್ತಿದ್ದಳು ಎಂದು ಈಗಲೂ ನನ್ನ ಅನುಮಾನ.

ಕಲ್ಲಿನ ಮುಂದೆ ನಿಂತು ಮಾದೇಶ ಬಗ್ಗಲು ನೋಡಿದ. ಸೊಂಟ ಬಗ್ಗಲಿಲ್ಲ. ಗಂಟು ಹಿಡಿದ ಕೈಗಳು ಕೆಳಗೆ ಬರಲಿಲ್ಲ. ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ಅಣಾ, ಕೈ ಕೊಡು ಎಂದು ಅತ್ತ. ನಾನು ಸೈಕಲ್ ಬಿಟ್ಟು ಮುಂದೆ ಹೋದೆ. ಬೀರಮ್ಮನ ಕೋಲು ನನ್ನ ಎದೆಗೆ ಅಡ್ಡ ಬಂತು.

"ನೀನ್ ಕೈ ಆಕ್‌ಬ್ಯಾಡ. ನೀನ್ ನಮ್ ಕಡೆಯವ್ನಲ್ಲ."

"ನೀನಾದ್ರೂ ಇಳಿಸಮ್ಮಾ," ಎಂದೆ. "ಅವನ ಹೊರೆ ಇಳಿದ್ರೆ ತಾನೆ ನಿನ್ ಮಗಳ ಭಾರಾನೂ ಇಳಿಯೋದು?"

ಅವಳು ಕಲ್ಲಿನ ಮೇಲಿನ ಅರಿಸಿನವನ್ನು ಹೆಬ್ಬೆರಳಿನಲ್ಲಿ ಸವರಿದಳು.

"ಕೇಳ್ದೆ ಅವಳ್ನ," ಎಂದಳು. "ಕುಂತ್ಕಂಡೇ ಇರ್ತೀನಿ ಅಂದ್ಲು."

ಹಾಗೆಯೇ ನಿಂತೆವು. ಆಚೆ ಗುಡ್ಡದ ಹಿಂದೆ ಆಕಾಶ ಬೂದಿಬಣ್ಣಕ್ಕೆ ತಿರುಗುವವರೆಗೆ ಅವನನ್ನು ನಿಲ್ಲಿಸಿದಳು. ಬೆಳಕು ಹರಿದು ದೂರದ ರಸ್ತೆಯಲ್ಲಿ ಯಾವುದೋ ಬಸ್ಸಿನ ಹಾರನ್ ಕೇಳಿಸಿದಾಗ, ಗಂಟನ್ನು ಅವನ ತಲೆಯಿಂದ ತಾನೇ ತೆಗೆದುಕೊಂಡಳು. ಕಲ್ಲಿನ ಮೇಲೆ ಇಡಲಿಲ್ಲ. ಕಂಕುಳಿಗೆ ಇಟ್ಟುಕೊಂಡಳು.

"ಅಮಾಸೆಗೆ ಬಾ, ನೋಡವ" ಎಂದು ಏರು ಹತ್ತಿ ಹೋದಳು.

ಅವಳ ಹೆಜ್ಜೆ ಹಗುರಾಗಿತ್ತು. ಮಾದೇಶ ಸೊಂಟಕ್ಕೆ ಕೈಕೊಟ್ಟು ನಿಂತೇ ಇದ್ದ.

ಆಮೇಲೆ ಅವನು ಸೈಕಲ್ ಹತ್ತಲಿಲ್ಲ. ಆ ನಡಿಗೆ ಹೋಗಲಿಲ್ಲ. ಹೆಂಡತಿ ಸೇಲಂಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಬೆನ್ನುಮೂಳೆ ಸರಿಯಿದೆ, ಹೊಟ್ಟೆಯಲ್ಲಿ ಏನೂ ಇಲ್ಲ, ತೂಕವೂ ಮೊದಲಿನಷ್ಟೇ. ಟೈಲ್ಸ್ ಅಂಗಡಿಯ ಹುಡುಗರು ಅವನ ಬೆನ್ನ ಹಿಂದೆ ಹಾಗೆಯೇ ನಡೆದು ತೋರಿಸಿ ನಗುತ್ತಿದ್ದರು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಳೆಯ ಸದ್ದು ಕೇಳಿಸಿತೆಂದು ಅವರಲ್ಲೊಬ್ಬ ಕೆಲಸ ಬಿಟ್ಟ. ಆಮೇಲೆ ಯಾರೂ ನಗಲಿಲ್ಲ.

ಅಮಾವಾಸ್ಯೆಗಳಿಗೆ ನಾವು ಹೋದೆವು, ಬಾಡಿಗೆ ಆಟೋದಲ್ಲಿ. ಪ್ರತಿ ಸಲವೂ ಬೀರಮ್ಮ ಗಂಟು ಹೊರಿಸುತ್ತಿದ್ದಳು, ಕಲ್ಲಿನ ಮುಂದೆ ನಿಲ್ಲಿಸುತ್ತಿದ್ದಳು, ಬೆಳಕಾದ ಮೇಲೆ ತೆಗೆದುಕೊಂಡು ಹೋಗುತ್ತಿದ್ದಳು. ಒಂದೊಂದು ಸಲವೂ ಅವಳು ಇನ್ನಷ್ಟು ಬಾಗಿದ್ದಳು, ಕೆಮ್ಮು ಹೆಚ್ಚಾಗಿತ್ತು. ಅವಳು ಸತ್ತರೆ ತವರಿನ ಕಡೆ ಕೈಕೊಡಲು ಯಾರೂ ಇಲ್ಲ, ಅಷ್ಟರೊಳಗೆ ಅವಳ ಮನಸ್ಸು ಕರಗಬೇಕು ಎಂಬ ಗಾಬರಿ ಮಾದೇಶನದು. ಕೊನೆಯ ಸಲ ಹೋದಾಗ ಅವನನ್ನು ಆಟೋದಲ್ಲಿ ಕೂರಲು ಬಿಟ್ಟು, ನನ್ನನ್ನು ಮಾತ್ರ ಗುಡಿಸಲೊಳಗೆ ಕರೆದಳು.

ಗಂಟನ್ನು ನನ್ನ ಕೈಗೆ ಕೊಟ್ಟಳು.

"ಅವ್ಳಿಗೆ ಒಡುಟ್ಟಿದವ್ರು ಯಾರೂ ಇಲ್ಲ. ಅಣ್ಣ ಅಂದ್ರೆ ಇನ್ ನೀನೇ," ಎಂದಳು. "ಇಳಿಸೋದಾದ್ರೆ ನೀನೇ ಇಳಿಸ್ಬೇಕು. ಅವಳ್ನ ಕೇಳಿ ಇಳಿಸು."

ಬೇಡ ಎನ್ನುವ ಧೈರ್ಯ ನನಗೆಲ್ಲಿದೆ? ಜರ್ಕಿನ್ನಿನೊಳಗೆ ಮುಚ್ಚಿಟ್ಟುಕೊಂಡು ಬಂದೆ. ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಬೀರಮ್ಮ ಹೋದಳೆಂದು ಸುದ್ದಿ ಬಂತು.

ಗಂಟು ಈಗ ನನ್ನ ಅಂಗಡಿಯ ಅಟ್ಟದ ಮೇಲೆ, ಹಳೆಯ ಫ್ರೇಮುಗಳ ಡಬ್ಬಿಯ ಹಿಂದಿದೆ. ಮಾದೇಶನಿಗೆ ಗೊತ್ತಿಲ್ಲ. ಬಿಚ್ಚಿ ನೋಡಿಲ್ಲ. ಆದರೆ ಕೆಲವು ದಿನ ಬೆಳಿಗ್ಗೆ ಅಂಗಡಿ ತೆರೆದಾಗ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ. ಅಟ್ಟ ಹತ್ತಿ ಗಂಟಿನ ತಳ ಮುಟ್ಟುತ್ತೇನೆ. ಬೆಚ್ಚಗಿರುತ್ತದೆ... ಈಗಷ್ಟೇ ಯಾರದೋ ತಲೆಯಿಂದ ಇಳಿಸಿದಂತೆ.

ಇಳಿಸಿಬಿಡಲೇ ಎಂದು ಆಗ ಒಂದು ಸಲ ಕೇಳುತ್ತೇನೆ, ಮೆಲ್ಲಗೆ, ಬಾಗಿಲು ಹಾಕಿಕೊಂಡು. ಐವತ್ತು ದಾಟಿದ ಮನುಷ್ಯ, ಅಟ್ಟದ ಮೇಲೆ ಒಂದು ಬಟ್ಟೆಗಂಟಿನ ಜೊತೆ ಮಾತಾಡುತ್ತಾನೆ. ಕೇಳಿದ ಕೂಡಲೇ ಅಲ್ಲೆಲ್ಲೋ, ತೀರಾ ಹತ್ತಿರದಲ್ಲಿ, ಬಳೆಗಳು ಒಂದಕ್ಕೊಂದು ತಾಗುತ್ತವೆ. ಒಪ್ಪಿಗೆಯ ಸದ್ದೋ, ಬೇಡವೆಂಬ ಸದ್ದೋ... ನನಗೆ ತಿಳಿಯುವುದಿಲ್ಲ. ತಿಳಿಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕೆಳಗಿಳಿಯುತ್ತೇನೆ.

ನಿನ್ನೆ ರಾತ್ರಿ ಮಾದೇಶನ ಫೋನು ಬಂದಿತ್ತು. ಬೀರಮ್ಮನ ಗುಡಿಸಲನ್ನೆಲ್ಲ ಹುಡುಕಿಸಿದೆ, ಗಂಟು ಸಿಗಲಿಲ್ಲ ಎಂದ. ಆದರೂ ಅಮಾವಾಸ್ಯೆಗೆ ಕಲ್ಲಿನ ತನಕ ಹೋಗಿ ಬರೋಣ, ಜೊತೆಗೆ ಬಾರಣಾ ಎಂದ. ಮಾತಿನ ನಡುನಡುವೆ, ಮೆಟ್ಟಿಲು ಹತ್ತುವವನಂತೆ ಏದುಸಿರು ಬಿಡುತ್ತಿದ್ದ. ಮಂಚದ ಮೇಲೆ ಕೂತೇ ಮಾತಾಡುತ್ತಿದ್ದನಂತೆ.

ಈ ಸಲ ಆಗುವುದಿಲ್ಲ, ಸಕ್ಕರೆ ಸ್ವಲ್ಪ ಜಾಸ್ತಿಯಾಗಿದೆ ಎಂದೆ.